21 ಸಾವಿರ ರೂಪಾಯಿಯ ಬೆಂಕಿ

ಹೋದ ಮಂಗಳವಾರ ಸಂಜೆ ನಮ್ಮ ಬೀದಿಯ ಟೈಲರ್ ಅಕ್ಕ ಬಂದು ಜಗಲಿ ಮೇಲೆ ಕೂತರು. ಎರಡು ನಿಮಿಷ ಮಾತಿಲ್ಲ. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ತಾಯತ ತೆಗೆದು ನನ್ನ ಅಂಗೈಯಲ್ಲಿಟ್ಟರು. ತಾಮ್ರದ ಕೊಳವೆ, ಕಿರುಬೆರಳಿನ ಅರ್ಧದಷ್ಟು ಉದ್ದ. ಎರಡೂ ತುದಿಗೆ ಅರಗು ಮೆತ್ತಿತ್ತು. ಕಪ್ಪು ದಾರ ಬೆವರು ಕುಡಿದು ಗಡುಸಾಗಿತ್ತು.

"ಇದರೊಳಗೆ ಜಿನ್ ಇದೆಯಂತೆ ಮೇಷ್ಟ್ರೇ. ಬೆಂಕಿ ಜಿನ್. ಕಟ್ಟಿಹಾಕಿ ಕೊಟ್ಟಿದೀನಿ, ಹೇಳಿದ್ದು ಕೇಳ್ಕೊಂಡು ಬಿದ್ದಿರುತ್ತೆ ಅಂದ್ರು. ನಿಮಗೆ ಹೇಳ್ಬಾರ್ದು ಅಂತಲೇ ಇದ್ದೆ."

ಎಷ್ಟು ಕೊಟ್ಟಿರಿ ಎಂದು ಕೇಳಿದೆ. 21 ಸಾವಿರ. ಮೊದಲು 5, ಆಮೇಲೆ ಇನ್ನೊಂದು 5, ಕೊನೆಗೆ ಮಹಿಳಾ ಸಂಘದಲ್ಲಿ ಸಾಲ ಎತ್ತಿ 11. ರವಿಕೆಯೊಂದಕ್ಕೆ ಅಕ್ಕ 150 ರೂಪಾಯಿ ತಗೊಳ್ಳುತ್ತಾರೆ. 140 ರವಿಕೆಯ ದುಡ್ಡು ಆ ಕೊಳವೆಯೊಳಗಿತ್ತು.

ಇಷ್ಟೇ ಆಗಿದ್ದರೆ ನಾನು ಈ ವಾರ ಬೇರೆ ಏನಾದರೂ ಬರೆಯುತ್ತಿದ್ದೆ. ದುಡ್ಡು ಹೋದರೆ ದುಡಿಯಬಹುದು. ಅಕ್ಕನ ಮಗಳಿಗೆ 14ನೇ ವಯಸ್ಸಿನಿಂದ ಫಿಟ್ಸ್ ಬರುತ್ತದೆ. ಈಗ ಪಿಯುಸಿ ಎರಡನೇ ವರ್ಷ. ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗಿಕೊಂಡು ಹೆಚ್ಚೂಕಡಿಮೆ ಒಂದು ವರ್ಷ ತಂಟೆಯಿಲ್ಲದೆ ಇದ್ದಳು. ತಾಯತ ಕೊಟ್ಟವನು ಒಂದು ಷರತ್ತು ಹಾಕಿದ್ದ: 21 ದಿನ ಇಂಗ್ಲಿಷ್ ಮಾತ್ರೆ ಮುಟ್ಟಬಾರದು, ಮುಟ್ಟಿದರೆ ಜಿನ್ ಸಿಟ್ಟಾಗುತ್ತದೆ. ಒಂಬತ್ತನೇ ದಿನ ಹುಡುಗಿ ಒಲೆ ಮುಂದೆ ಬಿದ್ದಳು. ಮೊಣಕೈವರೆಗೆ ಸುಟ್ಟಿದೆ. ಅದೇ ರಾತ್ರಿ ಇನ್ನೂ ಎರಡು ಸಲ ಬಂತು. ಫಿಟ್ಸ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಜೀವಕ್ಕೇ ಕುತ್ತಾಗಬಹುದು. ಹುಡುಗಿ ಉಳಿದಳು. ಆದರೆ ಆ ರಾತ್ರಿ ಅವರ ಮನೆಯಲ್ಲಿ ಕಂಡ ಬೆಂಕಿ ಯಾವ ಜಿನ್ನಿನದೂ ಅಲ್ಲ.

ಅವನು ಸಿಕ್ಕಿದ್ದು ಹೇಗೆ? ಮೊದಲು ಫೋನಿನ ವಿಡಿಯೋದಲ್ಲಿ. ಆಮೇಲೆ ಬಸ್ ಸ್ಟ್ಯಾಂಡಿನ ಕಂಬಕ್ಕೆ ಅಂಟಿಸಿದ ಚೀಟಿಯಲ್ಲೂ ಅದೇ ಮುಖ ಕಂಡಿತಂತೆ. ಸಾಲ, ಕೋರ್ಟು, ಗಂಡ ಹೆಂಡಿರ ಜಗಳ, ಮಕ್ಕಳಾಗದ್ದು, ಫಿಟ್ಸು, ಬುದ್ಧಿಭ್ರಮಣೆ ಎಲ್ಲಕ್ಕೂ ಒಂದೇ ನಂಬರು. ಊರಿಗೆ ಮೂರು ದಿನ ಬಂದು ಲಾಡ್ಜಿನಲ್ಲಿ ರೂಮು ಮಾಡಿದ್ದ. ಅಕ್ಕ ಹೋದಾಗ ಹುಡುಗಿಯ ಅಂಗೈ ಮೇಲೆ ಬೆಳ್ಳಿಯಂತೆ ಹೊಳೆಯುವ ಒಂದು ತಗಡಿಟ್ಟು, ಏನೋ ಸವರಿ, ಮುಷ್ಟಿ ಕಟ್ಟಿಸಿದ. ಅರ್ಧ ನಿಮಿಷದಲ್ಲಿ ಕೈ ಸುಡತೊಡಗಿತು. ಹುಡುಗಿ ಚೀರಿ ಕೈ ಬಿಚ್ಚಿದರೆ ತಗಡಿನ ಮೇಲೆ ಬೂದಿ. "ನೋಡಮ್ಮಾ, ಬಂದಿದ್ದಾನೆ" ಅಂದನಂತೆ. ಅದನ್ನು ಕಣ್ಣಾರೆ ಕಂಡ ಮೇಲೆ ಅಕ್ಕನಿಗೆ ಅನುಮಾನ ಉಳಿಯಲಿಲ್ಲ. ಉಳಿಯಬೇಕಿತ್ತು ಎಂದು ನಾನು ಹೇಳಲಾರೆ. ಮಗಳ ಕೈ ಸುಡುವುದನ್ನು ಕಂಡ ತಾಯಿ ಅವರು.

ನಾನು 31 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು. ತಗಡು ಬೆಳ್ಳಿಯದಲ್ಲ, ಅಲ್ಯೂಮಿನಿಯಂ. ಸವರಿದ್ದು ಪಾದರಸದ ಒಂದು ಲವಣ. ಅಲ್ಯೂಮಿನಿಯಂ ತಗಡಿನ ಮೇಲೆ ಸದಾ ಒಂದು ತೆಳು ಪೊರೆ ಇರುತ್ತದೆ, ಅದೇ ಅದರ ಕವಚ. ಪಾದರಸ ಆ ಪೊರೆಯನ್ನು ಕಿತ್ತು ಹಾಕುತ್ತದೆ. ಬರಿಮೈಯಾದ ಲೋಹ ಗಾಳಿಯ ತೇವ ತಾಗಿದ ಕೂಡಲೇ ಕುದಿದಂತಾಗಿ ಬಿಸಿ ಕಾರುತ್ತ ಬಿಳಿ ಪುಡಿಯಾಗುತ್ತದೆ. ಕೇರಳದ ಬಿ. ಪ್ರೇಮಾನಂದ್ ತಮ್ಮ ಜೀವಮಾನವಿಡೀ ಊರೂರು ಸುತ್ತಿ ಇಂಥವನ್ನು ಜನರ ಮುಂದೆ ಮಾಡಿ ತೋರಿಸಿ, ಗುಟ್ಟು ಬಿಡಿಸಿ ಹೇಳುತ್ತಿದ್ದರು. ಅವರು 2009ರಲ್ಲಿ ತೀರಿಕೊಂಡರು. ತಗಡಿಗೆ ಸವರಿದ ಆ ಪಾದರಸದ ಲವಣ ಕಡು ವಿಷ. ಚರ್ಮದ ಮೂಲಕವೂ ಒಳಗಿಳಿಯುತ್ತದೆ. ಒಬ್ಬ ರೋಗಿಷ್ಟ ಹುಡುಗಿಯ ಅಂಗೈಗೆ ಅದನ್ನು ಹಚ್ಚಿದವನ ಕೈ ನಡುಗಲಿಲ್ಲ ಎಂಬುದು ನನಗೆ ಇವತ್ತಿಗೂ ನುಂಗಲಾಗದ ಮಾತು.

ಅಕ್ಕನ ಒಪ್ಪಿಗೆ ಕೇಳಿ ಕೊಳವೆ ಬಿಚ್ಚಿದೆ. ಅವರು ಜಗಲಿಯಿಂದ ಎದ್ದು ಅಂಗಳದಾಚೆ ಹೋಗಿ ನಿಂತರು. ಅರಗು ಕೆರೆದು ತೆಗೆದರೆ ಸುರುಳಿ ಸುತ್ತಿದ ಒಂದು ಕಾಗದದ ಚೂರು. ಕೈಬರಹವಲ್ಲ, ಪ್ರಿಂಟರಿನಲ್ಲಿ ತೆಗೆದದ್ದು. ಒಂಬತ್ತು ಮನೆಯ ಚೌಕ, ಮನೆಗೊಂದು ಅಂಕಿ: ಮೇಲಿನ ಸಾಲಿನಲ್ಲಿ 4, 9, 2. ನಡುವೆ 3, 5, 7. ಕೆಳಗೆ 8, 1, 6. ಅಡ್ಡ ಕೂಡಿಸಿ, ಉದ್ದ ಕೂಡಿಸಿ, ಮೂಲೆಯಿಂದ ಮೂಲೆಗೆ ಕೂಡಿಸಿ, 15 ಬರುತ್ತದೆ. ಏಳನೇ ತರಗತಿ ಮಕ್ಕಳಿಗೆ ಮಾಯಾಚೌಕ ಎಂದು ನಾನು ಹಲಗೆ ಮೇಲೆ ಬರೆದು ಬಿಡಿಸಲು ಹೇಳುತ್ತಿದ್ದ ಲೆಕ್ಕ. ಚೀನಾದವರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಅರಬ್ಬರು ನಾಲ್ಕು ಮೂಲೆಯ 2, 4, 6, 8ನ್ನು ಅಕ್ಷರ ಮಾಡಿ ಓದಿ 'ಬುದೂಹ್' ಎಂದು ಕರೆದು ರಕ್ಷೆಯಾಗಿ ಬರೆದರು. ನಮ್ಮಲ್ಲಿ ಪೂಜೆಗಿಡುವ ಹದಿನೈದರ ಯಂತ್ರವೂ ಇದೇ. ಒಂದು ಚೆಂದದ ಲೆಕ್ಕ ಸಾವಿರಾರು ವರ್ಷ ಗಡಿ, ಧರ್ಮ, ಭಾಷೆ ದಾಟಿ ಬಂದದ್ದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. ಅದು ಕೊನೆಗೆ ಬಂದು ಬಿದ್ದದ್ದು ಈ ಅರಗಿನೊಳಗೆ.

ಮರುದಿನ ನಾವಿಬ್ಬರೂ ಮಸೀದಿಯ ಹಜರತರ ಹತ್ತಿರ ಹೋದೆವು. ನಮ್ಮ ಬೀದಿಯಲ್ಲಿ ಜಾತಿ ಮತ ನೋಡದೆ ಹೆತ್ತವರು ಹಟಮಾರಿ ಮಕ್ಕಳನ್ನು ಸಂಜೆಯ ನಮಾಜಿನ ಹೊತ್ತಿಗೆ ಮಸೀದಿ ಬಾಗಿಲಿಗೆ ಎತ್ತಿಕೊಂಡು ಹೋಗಿ ಊದಿಸಿಕೊಂಡು ಬರುತ್ತಾರೆ. ನನ್ನ ಮಗನಿಗೂ ನನ್ನ ತಾಯಿ ಊದಿಸಿದ್ದರು. ಹಜರತರು ಅದಕ್ಕೆ ಬಿಡಿಗಾಸು ಮುಟ್ಟುವುದಿಲ್ಲ. ಅಕ್ಕನ ಮಾತೆಲ್ಲ ಕೇಳಿಸಿಕೊಂಡು ಅವರು ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಹೇಳಿದ ಮಾತು ನಾನು ಕೇಳಿಯೇ ಇರದ್ದು.

ಜಿನ್ ಹೊಗೆಯಿಲ್ಲದ ಬೆಂಕಿಯಿಂದ ಹುಟ್ಟಿದ್ದು ಎಂದು ಕುರಾನ್ ಹೇಳುತ್ತದೆ. ಹಾಗಾಗಿ "ಬೆಂಕಿ ಜಿನ್" ಎಂದು ಬೇರೆ ಜಾತಿ ಮಾಡಿ ಹೆಚ್ಚಿನ ಬೆಲೆ ಕಟ್ಟುವುದಕ್ಕೇ ಅರ್ಥವಿಲ್ಲ. ಜಿನ್ನುಗಳನ್ನು ಕೆಲಸಕ್ಕೆ ಹಚ್ಚಿದವರು ಸುಲೈಮಾನ್ ಪೈಗಂಬರರು. ಅದೂ ದೇವರ ಅಪ್ಪಣೆಯಿಂದ. ತನ್ನ ನಂತರ ಮತ್ತಾರಿಗೂ ಸಿಗದಂಥ ಅರಸೊತ್ತಿಗೆ ಕೊಡು ಎಂದು ಅವರು ಬೇಡಿಕೊಂಡಿದ್ದರು. ಇನ್ನೊಂದು ಕಥೆ ಹದೀಸಿನದು, ಬುಖಾರಿ ಸಂಗ್ರಹದಲ್ಲಿದೆ. ಒಂದು ರಾತ್ರಿ ಪ್ರವಾದಿಯವರ ನಮಾಜು ಕೆಡಿಸಲು ಬಲಿಷ್ಠ ಜಿನ್ನೊಂದು ಬಂತು. ಅವರು ಅದನ್ನು ಹಿಡಿದರು. ಬೆಳಗಾದ ಮೇಲೆ ಎಲ್ಲರೂ ನೋಡಲಿ ಎಂದು ಮಸೀದಿಯ ಕಂಬಕ್ಕೆ ಕಟ್ಟಿಹಾಕಬೇಕೆಂದುಕೊಂಡರು. ಅಷ್ಟರಲ್ಲಿ ಸುಲೈಮಾನರ ಆ ಬೇಡಿಕೆ ನೆನಪಾಯಿತು. ಬಿಟ್ಟುಬಿಟ್ಟರು.

"ನಮ್ಮ ಪೈಗಂಬರ್ ಸಾಹೇಬರೇ ಕಟ್ಟದೆ ಬಿಟ್ಟಿದ್ದನ್ನ ಲಾಡ್ಜಿನ ರೂಮಲ್ಲಿ ಕೂತವನು ಕಟ್ಟಿ ಮಾರ್ತಾನಾ ತಂಗೀ?" ಎಂದರು ಹಜರತರು. ಅವರ ಗಂಟಲು ಕಟ್ಟಿತ್ತು.

ಕುರಾನಿನ ಆಯತ್ತು ಬರೆದ ತಾಯತ ಕಟ್ಟಬಹುದು ಎನ್ನುವ ಉಲೇಮಾಗಳಿದ್ದಾರೆ, ಯಾವ ತಾಯತವೂ ಕೂಡದು ಎನ್ನುವವರೂ ಇದ್ದಾರೆ ಎಂದೂ ಅವರು ಹೇಳಿದರು. ಆದರೆ ಜಿನ್ನನ್ನು ಗುಲಾಮನನ್ನಾಗಿ ಮಾರುವುದಕ್ಕೆ ಇಬ್ಬರಲ್ಲೂ ಜಾಗವಿಲ್ಲ. ಕಡೆಗೆ ಒಂದು ಮಾತು. ಸುಲೈಮಾನರು ತಮ್ಮ ಊರುಗೋಲಿಗೆ ಒರಗಿಕೊಂಡೇ ತೀರಿಹೋದರಂತೆ. ಹುಳು ಆ ಕೋಲನ್ನು ತಿಂದು, ದೇಹ ನೆಲಕ್ಕೆ ಬೀಳುವವರೆಗೆ ಜಿನ್ನುಗಳಿಗೆ ಗೊತ್ತೇ ಆಗಲಿಲ್ಲ, ದುಡಿಯುತ್ತಲೇ ಇದ್ದವು. ಕಣ್ಣೆದುರಿನ ಒಡೆಯ ಸತ್ತದ್ದು ತಿಳಿಯದ ಜಿನ್ನು ಹುಡುಗಿಯ ತಲೆಯೊಳಗೆ ಏನಾಗಿದೆ ಎಂದು ಹೇಗೆ ಹೇಳೀತು ಎಂದು ಕೇಳಿದರು. ಅಕ್ಕ ಮೊದಲ ಸಲ ಅತ್ತರು.

ಈ ವ್ಯಾಪಾರ ಹೊಸದಲ್ಲ. 13ನೇ ಶತಮಾನದಲ್ಲಿ ದಮಾಸ್ಕಸಿನ ಅಲ್-ಜವ್‌ಬರಿ ಎಂಬಾತ ಮೋಸಗಾರರ ಕಸುಬುಗಳನ್ನೆಲ್ಲ ಬಯಲಿಗೆಳೆಯುವ ಒಂದು ಇಡೀ ಪುಸ್ತಕವನ್ನೇ ಅರಬಿಯಲ್ಲಿ ಬರೆದ. ಅದರಲ್ಲಿ ಜಿನ್ ಕರೆಸುತ್ತೇವೆ ಎನ್ನುವವರೂ ಇದ್ದಾರೆ. ಯುರೋಪಿನಲ್ಲಿ ಗುಟೆನ್‌ಬರ್ಗ್ ಅಚ್ಚು ಹಾಕುವ ನಾಲ್ಕೈದು ನೂರು ವರ್ಷ ಮೊದಲೇ ಈಜಿಪ್ಟಿನಲ್ಲಿ ತಾಯತದ ಕಾಗದವನ್ನು ಅಚ್ಚೊತ್ತಿ ಮಾರುತ್ತಿದ್ದರು. ಅಂಥ ಚೂರುಗಳು ಇಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲೂ ಇವೆ. ಅಕ್ಕನ ಕೊಳವೆಯ ಪ್ರಿಂಟಿನ ಚೀಟಿಗೆ ಸಾವಿರ ವರ್ಷದ ವಂಶಾವಳಿ ಇದೆ.

ಆದರೆ ಜಿನ್ನನ್ನು ನಂಬುವವರೆಲ್ಲ ಹೀಗೆ ಎಂದು ತಿಳಿಯಬೇಡಿ. ದೆಹಲಿಯ ಫಿರೋಜ್ ಷಾ ಕೋಟ್ಲಾ, 1354ರಲ್ಲಿ ಫಿರೋಜ್ ಷಾ ತುಘಲಕ್ ಕಟ್ಟಿಸಿದ್ದು, ಅಶೋಕನ ಕಂಬ ನಿಂತಿರುವ ಜಾಗ. ಅಲ್ಲಿ ಗುರುವಾರ ಗುರುವಾರ ಜನ ಜಿನ್ನುಗಳಿಗೆ ಅರ್ಜಿ ಬರೆದು ಗೋಡೆಯ ಗೂಡುಗಳಲ್ಲಿ ಇಡುತ್ತಾರೆ. ಸರ್ಕಾರಿ ಕಚೇರಿಗೆ ಕೊಡುವ ಹಾಗೆಯೇ ವಿಳಾಸ, ಫೋಟೊ, ಜೆರಾಕ್ಸ್ ಪ್ರತಿ. ತುರ್ತು ಪರಿಸ್ಥಿತಿ ಮುಗಿದ ಮೇಲೆ ಈ ರೂಢಿ ಬೆಳೆಯಿತು ಎಂದು ಅಲ್ಲಿ ವರ್ಷಗಟ್ಟಲೆ ಓಡಾಡಿ 2017ರಲ್ಲಿ ಪುಸ್ತಕ ಬರೆದ ಆನಂದ್ ವಿವೇಕ್ ತನೇಜಾ ಹೇಳುತ್ತಾರೆ. ಹಿಂದೂ ಮುಸ್ಲಿಮರಿಬ್ಬರೂ ಬರುತ್ತಾರೆ. ಅಲ್ಲಿಯ ಜಿನ್ನನ್ನು ಯಾರೂ ಕಟ್ಟಿಹಾಕಿಲ್ಲ, ಯಾರ ಮಗಳ ಮಾತ್ರೆಯನ್ನೂ ಯಾರೂ ನಿಲ್ಲಿಸಿಲ್ಲ. ಕೇಳುವವರಿಲ್ಲದ ಮನುಷ್ಯ ತನ್ನ ಕಷ್ಟವನ್ನು ಕಾಗದದ ಮೇಲೆ ಇಳಿಸಿ ಹಗುರಾಗುತ್ತಾನೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟೆಲ್ಲ ಬೆಲೆಚೀಟಿ ಅಂಟಿಸಿದವನ ಮೇಲೆ.

ಆ ಸಿಟ್ಟಿಗೆ ಈ ದೇಶದಲ್ಲಿ ಕಾನೂನಿನ ಬೆಂಬಲ ಇದೆ ಎಂಬುದನ್ನು ನಾವು ಮರೆತಿದ್ದೇವೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಅದರ ಎರಡನೇ ಸೆಕ್ಷನ್ನಿನಲ್ಲಿ ಮಾಂತ್ರಿಕ ಪರಿಹಾರ ಎಂದರೇನು ಎಂಬುದಕ್ಕೆ ಮೊದಲು ಬರುವ ಹೆಸರೇ ತಾಯತ, ಆಮೇಲೆ ಮಂತ್ರ, ಕವಚ. ಇವುಗಳಿಂದ ರೋಗ ವಾಸಿಯಾಗುತ್ತದೆ ಎಂದು ಜಾಹೀರಾತು ಮಾಡಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 1 ವರ್ಷದವರೆಗೆ. ಜಾಹೀರಾತು ಎಂದರೆ ಏನೇನು ಎಂಬ ವಿವರಣೆಯನ್ನು ಓದಿದಾಗ ಅದನ್ನು ಬರೆದವರಿಗೆ ಕೈ ಮುಗಿಯಬೇಕೆನಿಸಿತು: ಕರಪತ್ರ, ಲೇಬಲ್ಲು, ಬಾಯಿಮಾತು, ಬೆಳಕು, ಸದ್ದು, ಹೊಗೆ ಇಷ್ಟರ ಮೂಲಕ ಸಾರಿದ್ದೆಲ್ಲ ಜಾಹೀರಾತೇ. ಫೋನಿನ ವಿಡಿಯೋ ಬೆಳಕು ಮತ್ತು ಸದ್ದಲ್ಲದೆ ಮತ್ತೇನು? ಎಪ್ಪತ್ತು ವರ್ಷದ ಹಿಂದಿನ ಕಾನೂನಿಗೆ ಇವತ್ತಿನ ಕಳ್ಳನನ್ನು ಹಿಡಿಯುವಷ್ಟು ಉದ್ದದ ಕೈ ಇದೆ. ಹೀಗೆ ಸಾರಬಾರದ ಕಾಯಿಲೆಗಳ ಪಟ್ಟಿಯಲ್ಲಿ ಮೂರ್ಛೆರೋಗವೂ ಇದೆ. 1963ರ ತಿದ್ದುಪಡಿಯ ನಂತರ ಪೊಲೀಸರು ವಾರಂಟಿಗೆ ಕಾಯದೆ ಕ್ರಮ ಕೈಗೊಳ್ಳಬಹುದು.

ನಮ್ಮ ರಾಜ್ಯದ್ದೇ ಆದ ಇನ್ನೊಂದು ಕಾಯ್ದೆ, ಜನ ಮೌಢ್ಯ ನಿಷೇಧ ಕಾಯ್ದೆ ಎನ್ನುವುದು, 2017ರಲ್ಲಿ ಶಾಸನಸಭೆಯಲ್ಲಿ ಪಾಸಾಗಿ 2020ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ 1ರಿಂದ 7 ವರ್ಷ ಶಿಕ್ಷೆ, 5 ಸಾವಿರದಿಂದ 50 ಸಾವಿರದವರೆಗೆ ದಂಡ. ಎಚ್. ನರಸಿಂಹಯ್ಯನವರು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ನಾಡು ಇದು.

ನಾನೂ ಅಕ್ಕನೂ ದೂರು ಕೊಡಲು ಹೋದೆವು. ಯಾವ ಠಾಣೆ ಎಂದು ಬರೆಯುವುದಿಲ್ಲ. ಅಲ್ಲಿದ್ದವರು ಇದು ನಮ್ಮದಲ್ಲ, ಔಷಧ ನಿಯಂತ್ರಣದವರದು ಎಂದರು. ಅಲ್ಲಿಗೆ ಹೋದರೆ ತಾಯತ ಔಷಧವಲ್ಲ, ಪೊಲೀಸರಿಗೆ ಹೇಳಿ ಎಂದರು. ಎರಡನೇ ಸಲ ಠಾಣೆಗೆ ಹೋಗುವಾಗ ಕಾಯ್ದೆಯ ಜೆರಾಕ್ಸ್, ಚೀಟಿಯ ಫೋಟೊ, ದುಡ್ಡು ಕಳಿಸಿದ ಫೋನಿನ ರಸೀತಿ ಮೂರನ್ನೂ ಪಿನ್ ಮಾಡಿ ಒಯ್ದೆವು. ಕೂತುಕೊಳ್ಳಿ ಅಂದರು. ಒಬ್ಬ ಚಿಕ್ಕ ವಯಸ್ಸಿನ ಮಹಿಳಾ ಪೇದೆ ಪೂರ್ತಿ ಓದಿದರು, ಅರ್ಜಿಗೆ ಸೀಲು ಒತ್ತಿ ಸ್ವೀಕೃತಿ ಕೊಟ್ಟರು. ದುಡ್ಡು ಕಳಿಸಿದ ದಿನವೇ 1930ಕ್ಕೆ ಫೋನ್ ಮಾಡಿದ್ದರೆ ತಡೆಹಿಡಿಯಲು ಸಾಧ್ಯವಿತ್ತು ಎಂದೂ ಹೇಳಿದರು. ಅಕ್ಕ ಆ ನಂಬರನ್ನು ಹೊಲಿಗೆ ಮೆಷಿನ್ನಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಅಕ್ಕ ಓದು ಬರಹ ಬಲ್ಲವರು, ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದವರು. ಅವರು ಲಾಡ್ಜಿಗೆ ಹೋದದ್ದು ಯಾಕೆ? ನಾನು ಕೇಳಿದಾಗ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು: "ಆಸ್ಪತ್ರೆ ಸಾಲಲ್ಲಿ ನಿಂತ್ರೆ ಊರೋರು ನೋಡ್ತಾರೆ ಮೇಷ್ಟ್ರೇ. ನಾಳೆ ಹೆಣ್ಣು ನೋಡೋಕೆ ಬಂದೋರಿಗೆ ಯಾರಾದ್ರೂ ಹೇಳಿದ್ರೆ? ಅವನು ಯಾರಿಗೂ ಗೊತ್ತಾಗಲ್ಲ ಅಂದ."

ಅವನು ಮಾರಿದ್ದು ಗುಟ್ಟನ್ನು. ಜಿನ್ನು ಆ ಗುಟ್ಟಿಗೆ ಸುತ್ತಿದ ಕಾಗದ. ಅವನಿಗೆ ಆ ಗಿರಾಕಿಯನ್ನು ಒದಗಿಸಿದವರು ನಾವು, ಈ ಬೀದಿಯವರು. 1999ರವರೆಗೆ ಹಿಂದೂ ವಿವಾಹ ಕಾಯ್ದೆಯಲ್ಲೇ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಎಂದು ಬರೆದಿತ್ತು. ಆ ವರ್ಷದ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಕಾಯ್ದೆಯಿಂದ ಹೋದ ಪದ ನಮ್ಮ ಬಾಯಿಂದ ಹೋಗಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ನಾವು ಇನ್ನೂ ಪಿಸುಗುಡುತ್ತೇವೆ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ತುರುಕುತ್ತೇವೆ, ಮೂಗಿಗೆ ಈರುಳ್ಳಿ ಹಿಡಿಯುತ್ತೇವೆ. ಮಾಡಬೇಕಾದ್ದು ಇಷ್ಟೇ: ಬಳಿಯಲ್ಲಿ ಬೆಂಕಿ, ಚೂಪಾದ ವಸ್ತು ಇದ್ದರೆ ದೂರ ಸರಿಸಿ, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು.

ಸುಮಾರು 2,400 ವರ್ಷದ ಹಿಂದೆ ಗ್ರೀಸಿನಲ್ಲಿ, ಹಿಪ್ಪೊಕ್ರಟಿಸನ ಪಂಥದ ವೈದ್ಯನೊಬ್ಬ ಈ ಕಾಯಿಲೆಯ ಬಗ್ಗೆಯೇ ಒಂದು ಗ್ರಂಥ ಬರೆದ. ಎಲ್ಲರೂ ಇದನ್ನು ಪವಿತ್ರ ರೋಗ ಎನ್ನುತ್ತಿದ್ದರು. ಉಳಿದ ಕಾಯಿಲೆಗಳಿಗಿಂತ ಇದೇನೂ ಹೆಚ್ಚು ದೈವಿಕವಲ್ಲ, ಇದರ ಬೇರು ಮಿದುಳಿನಲ್ಲಿದೆ, ಔಷಧ ತಿಳಿಯದ ಮಂತ್ರವಾದಿಗಳು ತಮ್ಮ ಕೈಲಾಗದ್ದನ್ನು ಮುಚ್ಚಿಕೊಳ್ಳಲು ದೇವರ ಹೆಸರು ಹೇಳಿದರು ಎಂದು ಅವನು ವಾದಿಸಿದ. ಇವತ್ತು ಜಗತ್ತಿನಲ್ಲಿ ಸುಮಾರು 5 ಕೋಟಿ ಜನಕ್ಕೆ ಈ ಕಾಯಿಲೆ ಇದೆ. ಸರಿಯಾಗಿ ಗುರುತಿಸಿ ಮಾತ್ರೆ ಕೊಟ್ಟರೆ 100ರಲ್ಲಿ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅತಿ ಅಗ್ಗದ ಮಾತ್ರೆಗೆ ವರ್ಷಕ್ಕೆ 5 ಡಾಲರ್ ಸಾಕು ಎಂಬ ಲೆಕ್ಕವನ್ನೂ ಅದು ಕೊಟ್ಟಿದೆ. ಅಕ್ಕ ಆ ಕೊಳವೆಗೆ ಕೊಟ್ಟ ದುಡ್ಡಿನಲ್ಲಿ ಹುಡುಗಿ ಅಜ್ಜಿಯಾಗುವವರೆಗೆ ಮಾತ್ರೆ ಬರುತ್ತಿತ್ತು.

ಏರ್ವಾಡಿಯನ್ನು ನೆನೆಯದೆ ಮುಂದೆ ಹೋಗಲಾರೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆ, 2001ರ ಆಗಸ್ಟ್ 6ರ ನಸುಕು. ದರ್ಗಾದ ಊರಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ಒಂದು ಗುಡಿಸಲು ಆಶ್ರಯಕ್ಕೆ ಬೆಂಕಿ ಬಿತ್ತು. ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿದಿದ್ದರು. ಓಡಲಾಗದೆ 28 ಮಂದಿ ಸುಟ್ಟುಹೋದರು. ಮೂರ್ಛೆರೋಗ ಮನೋರೋಗವಲ್ಲ, ಆದರೆ ನಮ್ಮ ಜನ ಎರಡಕ್ಕೂ ಒಂದೇ ಗಾಳಿಯ ಹೆಸರಿಡುತ್ತಾರೆ, ಎರಡನ್ನೂ ಒಂದೇ ಕತ್ತಲೆಯಲ್ಲಿ ಬಚ್ಚಿಡುತ್ತಾರೆ. ಅದೇ ಏರ್ವಾಡಿಯಲ್ಲಿ ಆಮೇಲೆ ತಮಿಳುನಾಡು ಸರ್ಕಾರ ದರ್ಗಾದ ಅಂಗಳದಲ್ಲೇ ಮನೋವೈದ್ಯರನ್ನು ಕೂರಿಸಿತು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಅದಕ್ಕೂ ಮೊದಲೇ ಆರಂಭವಾಗಿದ್ದ ಕ್ರಮ ಅದು. ಹೆಸರು ದವಾ-ದುವಾ. ಪ್ರಾರ್ಥನೆ ಮಾಡಿಸಿ, ಮಾತ್ರೆಯನ್ನೂ ತಗೊಳ್ಳಿ. ದರ್ಗಾದ ಮುಜಾವರರೇ ಭಕ್ತರನ್ನು ವೈದ್ಯರ ಕೋಣೆಗೆ ಕಳಿಸುತ್ತಾರೆ. ನಂಬಿಕೆಯನ್ನು ಜರೆಯದೆ ಜೀವ ಉಳಿಸುವ ದಾರಿ ಇದು ಎಂದು ನಾನು ಮನಸಾರೆ ನಂಬಿದ್ದೇನೆ. ನಮ್ಮ ತಾಲ್ಲೂಕಿನ ದರ್ಗಾ, ಗುಡಿ, ಮಠ, ಚರ್ಚುಗಳ ಅಂಗಳದಲ್ಲೂ ವಾರಕ್ಕೊಮ್ಮೆ ಒಬ್ಬ ವೈದ್ಯರು ಕೂರಬೇಕು. ಕೂರಿಸಿ ಎಂದು ತಾಲ್ಲೂಕು ಆರೋಗ್ಯಾಧಿಕಾರಿಗೆ ನಾನು ಬರೆದಿದ್ದೇನೆ. ಹಜರತರು ತಮ್ಮ ಮಸೀದಿಯ ಪಕ್ಕದ ಕೋಣೆ ಬಿಟ್ಟುಕೊಡುತ್ತೇನೆ ಎಂದು ಅದರ ಕೆಳಗೆ ಸಹಿ ಹಾಕಿದ್ದಾರೆ.

ಶುಕ್ರವಾರ ಹುಡುಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಸುಟ್ಟ ಕೈಗೆ ಪಟ್ಟಿ ಬದಲಿಸಿದರು, ಮಾತ್ರೆ ಮತ್ತೆ ಶುರು ಮಾಡಿದರು. ಅವಳ ಕೊರಳಲ್ಲಿ ಇನ್ನೊಂದು ತಾಯತ ಇತ್ತು, ಹುಟ್ಟಿದಾಗ ಅಜ್ಜಿ ಕಟ್ಟಿದ್ದು. ಇದನ್ನೂ ಬಿಚ್ಚಬೇಕೇ ಎಂದು ಅಕ್ಕ ಅಳುಕುತ್ತ ಕೇಳಿದರು. ಡಾಕ್ಟರಮ್ಮ ಹುಡುಗಿಯ ತಲೆ ಸವರಿ, "ಅದು ಇರಲಿ ಬಿಡಿ, ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ" ಎಂದರು. ದಾರಿಯಲ್ಲಿ ಹುಡುಗಿ ಆ ಚೌಕದ ಚೀಟಿ ತನಗೆ ಬೇಕು ಎಂದಳು. ಕೊಟ್ಟೆ. ಬಸ್ಸಿನಲ್ಲಿ ಎಡಗೈಯಲ್ಲೇ ಪೆನ್ನು ಹಿಡಿದು, ಹಿಂಬದಿಯಲ್ಲಿ 16 ಮನೆಯ ಚೌಕ ಬರೆದು, ಅಂಕಿ ಕೂಡಿಸುತ್ತ ಕೂತಿದ್ದಳು.

ಮುಂದಿನ ಶುಕ್ರವಾರ ಮತ್ತೆ ಹೋಗಬೇಕು. ನಮ್ಮ ಬೀದಿಯಲ್ಲಿ ಫಿಟ್ಸ್ ಇರುವ ಮನೆ ಇನ್ನೂ ಎರಡಿವೆ ಎಂದು ನನಗೆ ಗೊತ್ತು. ಯಾರದೆಂದು ಬರೆಯುವುದಿಲ್ಲ. ಬೆಳಿಗ್ಗೆ 9ಕ್ಕೆ ಟೈಲರ್ ಅಂಗಡಿ ಮುಂದೆ ಆಟೊ ನಿಂತಿರುತ್ತದೆ, ಜಾಗ ಇದೆ.